ಉಚ್ಚಾರಣೆಯ ಐದು ಅಂಕ: ಮಿಶ್ರಿಕೋಟಿಯ ಒಂದು ಪಾಠದ ನಂತರ

ಕಳೆದ ಬೋಧನಾಭ್ಯಾಸದ ಎರಡನೆಯ ವಾರ ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿಯಲ್ಲಿ ಎಂಟನೆಯ ತರಗತಿಯ ಒಂದು ಇಂಗ್ಲಿಷ್ ಪಾಠ ವೀಕ್ಷಿಸಲು ಹೋಗಿದ್ದೆ. ಎಂದಿನಂತೆ ಕೊನೆಯ ಬೆಂಚಿನಲ್ಲಿ ಕುಳಿತು ವೀಕ್ಷಣಾ ನಮೂನೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಪ್ರಶಿಕ್ಷಣಾರ್ಥಿ ಒಳ್ಳೆಯ ತಯಾರಿಯೊಂದಿಗೆ ಬಂದಿದ್ದರು. ಮಿಂಚುಪಟ್ಟಿಗಳಿದ್ದವು, ಕಪ್ಪು ಹಲಗೆಯ ಬರಹ ನೇರವಾಗಿತ್ತು, ದನಿ ಕೊನೆಯ ಬೆಂಚಿನವರೆಗೂ ಕೇಳುತ್ತಿತ್ತು.

ಗಟ್ಟಿಯಾಗಿ ಓದಿಸುವ ಹಂತ ಬಂದಾಗ ಕಿಟಕಿ ಪಕ್ಕದ ಒಬ್ಬ ಹುಡುಗಿಯನ್ನು ಎಬ್ಬಿಸಿದರು. ಅವಳು ಅರ್ಧ ಎದ್ದು, "ನಾ ಬ್ಯಾಡ್ರಿ ಸರ್, ಅಕೀಗೆ ಹೇಳ್ರಿ" ಎಂದು ಪಕ್ಕದವಳನ್ನು ತೋರಿಸಿದಳು. ಮಕ್ಕಳು ನಕ್ಕರು. ಪ್ರಶಿಕ್ಷಣಾರ್ಥಿಯೂ ನಗುತ್ತಲೇ, "ಬ್ಯಾಡ ಅಲ್ಲಮ್ಮ, ಬೇಡ ಅನ್ನಬೇಕು. ಎಲ್ಲಿ, ಹೇಳು ನೋಡೋಣ" ಎಂದರು. ಹುಡುಗಿ "ಬೇಡ" ಎಂದಳು. ನಾನು ನಮೂನೆಯಲ್ಲಿ 'ಭಾಷಾಶುದ್ಧಿಯ ಕಡೆ ಗಮನವಿದೆ' ಎಂದು ಬರೆದೆ.

ಐದು ನಿಮಿಷದ ಮೇಲೆ ಅವಳ ಸರದಿ ತಪ್ಪದೆ ಬಂತು. ಓದಬೇಕಾದ ವಾಕ್ಯದಲ್ಲಿ 'ಕೆಟ್ಟದ್ದು' ಎಂಬ ಅರ್ಥದ ಬ್ಯಾಡ್ ಎಂಬ ಪದವಿತ್ತು. ಅವಳು 'ಬೆಡ್' ಎಂದು ಓದಿದಳು. "ಬೆಡ್ ಅಂದ್ರ ಹಾಸಿಗಿ. ಇದು ಬೆಡ್ ಅಲ್ಲ, ಬಾಯಿ ಅಗಲ ಮಾಡು" ಎಂದು ಪ್ರಶಿಕ್ಷಣಾರ್ಥಿ ತಮ್ಮ ಬಾಯಿಯನ್ನೇ ಅಗಲಿಸಿ ತೋರಿಸಿದರು. ಅವಳು 'ಬೇಡ್' ಎಂದಳು, 'ಬಾಡ್' ಎಂದಳು. ಮತ್ತೊಮ್ಮೆ ಹೇಳು ಎಂದಾಗ ದನಿಯೇ ಹೊರಡಲಿಲ್ಲ. ಕೂಡಿಸಿದರು. ಆ ತಾಸಿನಲ್ಲಿ ಅವಳು ಮತ್ತೆ ಬಾಯಿ ತೆರೆಯಲಿಲ್ಲ. ನಾನು ಉಚ್ಚಾರಣಾ ತಿದ್ದುಪಡಿಯ ಕಲಮಿನ ಎದುರು ಐದಕ್ಕೆ ನಾಲ್ಕು ಅಂಕ ಹಾಕಿದೆ.

ಸಂಜೆ ಹುಬ್ಬಳ್ಳಿ ಕಡೆಯ ಬಸ್ಸು ತುಂಬಿತ್ತು. ಕಂಡಕ್ಟರು, "ಬಾಗಲದಾಗ ನಿಲ್ಲಬ್ಯಾಡ್ರಿ, ಒಳಗ ಬರ್ರಿ" ಎಂದು ಕೂಗುತ್ತಿದ್ದರು. ಎರಡನೆಯ ಸಲವೋ ಮೂರನೆಯ ಸಲವೋ ಅದನ್ನು ಕೇಳಿದಾಗ ನನಗೆ ನಾಚಿಕೆಯಾಯಿತು. ಆ ಹುಡುಗಿಯ ಬಾಯಲ್ಲಿ ಇಂಗ್ಲಿಷಿಗೆ ಬೇಕಾಗಿದ್ದ ಸ್ವರ ಸ್ಪಷ್ಟವಾಗಿ ಇತ್ತು. ಅದನ್ನು ತಪ್ಪು ಎಂದು ಹೇಳಿ ಅವಳಿಂದ ಬಿಡಿಸಿ, ಐದೇ ನಿಮಿಷದ ಮೇಲೆ ಅದೇ ಸ್ವರ ಬರಲಿಲ್ಲವೆಂದು ಅವಳನ್ನು ನಿಲ್ಲಿಸಿದ್ದೆವು. ಪ್ರಶಿಕ್ಷಣಾರ್ಥಿ ಹೊಸಬರು. ಹಿಂದೆ ಕುಳಿತು ಅಂಕ ಹಾಕಿದ ನನಗೆ ಇಪ್ಪತ್ತು ವರ್ಷದ ಅನುಭವವಿದೆ.

ಧಾರವಾಡ ಸೀಮೆಯ ಮಾತು ಬಲ್ಲವರು ಒಂದು ಗಳಿಗೆ ತಮ್ಮದೇ ಬಾಯಿಯನ್ನು ಗಮನಿಸಬೇಕು. ನಾವು 'ಬೇಕು' ಎನ್ನುತ್ತೇವೆ, ಆದರೆ 'ಬ್ಯಾಡ' ಎನ್ನುತ್ತೇವೆ. ಗ್ರಂಥಸ್ಥ ಕನ್ನಡದಲ್ಲಿ ಎರಡಕ್ಕೂ ಒಂದೇ ಏಕಾರ. ನಮ್ಮ ಬಾಯಲ್ಲಿ ಅವು ಎರಡು ಬೇರೆ ಸ್ವರಗಳು. ಮ್ಯಾಲ, ಪ್ಯಾಟಿ, ಬ್ಯಾಳಿ, ಬ್ಯಾಸಗಿ, ಹ್ಯಾಂಗ, ಇವೆಲ್ಲದರಲ್ಲೂ ಇರುವುದು ಅದೇ ಅಗಲ ಬಾಯಿಯ ಸ್ವರ. ಬರೆಯಲು ಬೇರೆ ಅಕ್ಷರವಿಲ್ಲದ್ದರಿಂದ ಯ-ಒತ್ತು ಕೊಟ್ಟು ಆಕಾರ ಹಾಕುತ್ತೇವೆ. 'ಬ್ಯಾಡ' ಎನ್ನುವಾಗ ಅಲ್ಲಿ ಯಕಾರ ಕೇಳಿಸುವುದಿಲ್ಲ. ಇಂಗ್ಲಿಷಿನ ಬ್ಯಾಡ್, ಬ್ಯಾಗ್, ಮ್ಯಾನ್, ಮ್ಯಾಪ್ ಪದಗಳ ಸ್ವರ ಹೆಚ್ಚುಕಡಿಮೆ ಇದೇ. ನಮ್ಮದು ತುಸು ಉದ್ದ, ಮ್ಯಾಪ್‌ನಂಥ ಪದದಲ್ಲಿ ಇಂಗ್ಲಿಷಿನದು ತುಸು ಗಿಡ್ಡ, ಅಷ್ಟೇ. ಅಂದರೆ ಮಿಶ್ರಿಕೋಟಿಯ ಮಗುವಿನ ಬಾಯಲ್ಲಿ 'ಬೆಕ್ಕು', 'ಬೇಕು', 'ಬ್ಯಾಡ' ಎಂದು ಮೂರು ಸ್ವರಗಳು ಬಳಕೆಯಲ್ಲಿವೆ. ಇಂಗ್ಲಿಷಿನ ಪೆನ್, ಪೇನ್, ಪ್ಯಾನ್ ಎಂಬ ಮೂರು ಪದಗಳನ್ನು ಬೇರೆ ಮಾಡಲು ಬೇಕಾದದ್ದು ಇವೇ ಮೂರು.

ಇದರಲ್ಲಿ ಹೊಸ ಸಂಶೋಧನೆ ಏನೂ ಇಲ್ಲ. ಧಾರವಾಡದ ಆಡುಮಾತಿನ ಧ್ವನಿಗಳನ್ನು ಭಾಷಾವಿಜ್ಞಾನಿಗಳು ಹಿಂದೆಯೇ ವಿವರಿಸಿದ್ದಾರೆ. ಬೇಂದ್ರೆಯವರು ಇದೇ ಮಾತಿನಲ್ಲಿ ಕವಿತೆ ಬರೆದರು. 1973ರ ಜ್ಞಾನಪೀಠ ಪ್ರಶಸ್ತಿ ಬಂದದ್ದೂ ಅವರಿಗೇ. ಹಾಗಿದ್ದೂ ನಮ್ಮ ತರಗತಿಗಳಲ್ಲಿ ಆ ಮಾತು ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬರಬೇಕಾದ ವಸ್ತುವಾಗಿದೆ.

ನನ್ನ ಕಥೆಯನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಬರಿಯ ಉಪದೇಶವಾದೀತು. ನಾನು ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಆಗ ಇಂಗ್ಲಿಷ್ ಐದನೆಯ ತರಗತಿಯಿಂದ ಶುರುವಾಗುತ್ತಿತ್ತು. ನಮ್ಮೂರಲ್ಲಿ ಶಾಲೆಗೆ 'ಸಾಲಿ' ಎನ್ನುತ್ತಿದ್ದೆವು. ಶ ಮತ್ತು ಸ ನಮಗೆ ಬರವಣಿಗೆಯಲ್ಲಿ ಎರಡು, ಬಾಯಲ್ಲಿ ಬಹುಮಟ್ಟಿಗೆ ಒಂದೇ. ಪಿಯುಸಿಗೆ ಪಟ್ಟಣಕ್ಕೆ ಹೋದಾಗ ಮೊದಲ ವಾರವೇ ನನ್ನನ್ನು ಎಬ್ಬಿಸಿ ಓದಿಸಿದರು. 'ಅವಳು' ಎಂಬ ಅರ್ಥದ ಇಂಗ್ಲಿಷ್ ಪದ ನನ್ನ ಬಾಯಲ್ಲಿ 'ಸೀ' ಎಂದೇ ಬಂತು. ಒಂದು ಪುಟದಲ್ಲಿ ಅದು ಏಳೆಂಟು ಸಲವಾದರೂ ಇತ್ತು. ಪ್ರತಿ ಸಲ ಹಿಂದಿನ ಬೆಂಚಿನಿಂದ ಯಾರೋ 'ಸೀ' ಎಂದು ಪ್ರತಿಧ್ವನಿ ಕೊಟ್ಟರು. ಅಧ್ಯಾಪಕರು ಅವರನ್ನು ತಡೆಯಲಿಲ್ಲ. ಆ ವರ್ಷ ನಾನು ತರಗತಿಯಲ್ಲಿ ಮಾತಾಡಲಿಲ್ಲ. ಮುಂದೆ ಕೋಣೆಯ ಬಾಗಿಲು ಹಾಕಿಕೊಂಡು ಶಕಾರ ಕಲಿತೆ. ಎಷ್ಟು ಕಲಿತೆನೆಂದರೆ ಕೆಲವು ವರ್ಷ ಸೋಪಿಗೂ 'ಶೋಪ್' ಎನ್ನುತ್ತಿದ್ದೆ. ಹೆದರಿಕೆಯಿಂದ ಕಲಿತ ಉಚ್ಚಾರಣೆಗೆ ಎಲ್ಲಿ ನಿಲ್ಲಬೇಕೆಂಬುದು ಗೊತ್ತಿರುವುದಿಲ್ಲ.

ಆದ್ದರಿಂದ ಉಚ್ಚಾರಣೆಯನ್ನು ಕಲಿಸುವುದೇ ಬೇಡ, ಮಕ್ಕಳು ಹೇಗೆ ಹೇಳಿದರೂ ಸರಿ ಎಂಬ ವಾದ ನನ್ನದಲ್ಲ. ಶ-ಸ ವ್ಯತ್ಯಾಸ ನನಗೆ ನಿಜವಾಗಿ ಬೇಕಿತ್ತು. ಇಂಗ್ಲಿಷಿನಲ್ಲಿ ಅದು ಅರ್ಥ ಬದಲಿಸುತ್ತದೆ. ನನ್ನ ವಾದ ಇಷ್ಟು: ಯಾವುದನ್ನು ತಿದ್ದಬೇಕು, ಯಾವುದನ್ನು ಬಿಡಬೇಕು, ತಿದ್ದುವಾಗ ಎಲ್ಲಿಂದ ಆರಂಭಿಸಬೇಕು ಎಂಬ ಮೂರು ಪ್ರಶ್ನೆಗಳಿಗೆ ನಮ್ಮ ಬೋಧನಾಭ್ಯಾಸದಲ್ಲಿ ಉತ್ತರವಿಲ್ಲ. ಇರುವುದು ಐದು ಅಂಕದ ಒಂದು ಕಲಮು. ಅದರಲ್ಲಿ 'ಉಚ್ಚಾರಣೆ' ಎಂದಷ್ಟೇ ಬರೆದಿದೆ.

ಕಳೆದ ತಿಂಗಳು ನಮ್ಮದೇ ವಿಭಾಗದ ಹಳೆಯ ವೀಕ್ಷಣಾ ನಮೂನೆಗಳನ್ನು ತೆಗೆದು ಓದಿದೆ. ನನ್ನದೂ ಸೇರಿದಂತೆ ಹೆಚ್ಚಿನ ಷರಾಗಳು ಎರಡೇ ಬಗೆಯವು. ಒಂದು, ಪ್ರಶಿಕ್ಷಣಾರ್ಥಿ 'ಥಿಂಕ್' ಎನ್ನುವಾಗ ನಾಲಿಗೆ ಹಲ್ಲುಗಳ ನಡುವೆ ಬರಲಿಲ್ಲ, 'ತಿಂಕ್' ಎಂದರು. ಇನ್ನೊಂದು, 'ಮಾತೃಭಾಷೆಯ ಪ್ರಭಾವ ಎದ್ದು ಕಾಣುತ್ತದೆ'. ಈ ಎರಡನೆಯ ಷರಾವನ್ನು ನಾವು ರೋಗದ ಹೆಸರಿನಂತೆ ಬರೆಯುತ್ತೇವೆ, ಔಷಧ ಬರೆಯುವುದಿಲ್ಲ. ಮೊದಲನೆಯದರ ಬಗ್ಗೆ ಹೇಳುವುದಾದರೆ, ಹಲ್ಲುಗಳ ನಡುವಿನ ಆ ಧ್ವನಿಯನ್ನು ಭಾರತದಲ್ಲಿ ಇಂಗ್ಲಿಷ್ ಆಡುವ ಬಹುತೇಕ ಎಲ್ಲರೂ ತ ಅಥವಾ ಥ, ದ ಎಂದೇ ಹೇಳುತ್ತಾರೆ. ನಾನೂ ಹಾಗೆಯೇ ಹೇಳುತ್ತೇನೆ. ಇದನ್ನು ಓದುತ್ತಿರುವ ಸಹೋದ್ಯೋಗಿಗಳೂ, ಮಾದರಿ ಪಾಠದ ದಿನ ಬಿಟ್ಟರೆ, ಹಾಗೆಯೇ ಹೇಳುತ್ತೀರಿ. ನಾವು ಆಡದ ಧ್ವನಿಗೆ ಮಕ್ಕಳ ಅಂಕ ಕಳೆಯುವುದು ಯಾವ ನ್ಯಾಯ?

ಜೆನಿಫರ್ ಜೆಂಕಿನ್ಸ್ ಎಂಬ ಬ್ರಿಟಿಷ್ ವಿದ್ವಾಂಸೆ 2000ರಲ್ಲಿ ಪ್ರಕಟಿಸಿದ ಒಂದು ಪುಸ್ತಕದಲ್ಲಿ, ಬೇರೆ ಬೇರೆ ಮಾತೃಭಾಷೆಯವರು ಪರಸ್ಪರ ಇಂಗ್ಲಿಷಿನಲ್ಲಿ ಮಾತಾಡುವಾಗ ಅರ್ಥ ಎಲ್ಲಿ ಮುರಿಯುತ್ತದೆ ಎಂದು ಪರಿಶೀಲಿಸಿದ್ದಾರೆ. ಹಲ್ಲುಗಳ ನಡುವಿನ ಈ ಧ್ವನಿಗಳನ್ನು ಅವರು ಅಗತ್ಯವಲ್ಲದ ಪಟ್ಟಿಗೆ ಹಾಕಿದರು. ಸ್ವರದ ಹ್ರಸ್ವ-ದೀರ್ಘ, ವ್ಯಂಜನಗಳ ಗುಂಪು, ಪದದ ಆರಂಭದ ಪ-ಟ-ಕಗಳ ಉಸಿರು, ವಾಕ್ಯದಲ್ಲಿ ಮುಖ್ಯ ಪದದ ಮೇಲಿನ ಒತ್ತು, ಇವು ಅಗತ್ಯ ಎಂದರು. ಅದಕ್ಕೂ ಮೊದಲು 1969ರಲ್ಲಿ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಿಂದ ಆರ್.ಕೆ. ಬನ್ಸಲ್ ಅವರ ಅಧ್ಯಯನ ಬಂದಿತ್ತು. ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಎಷ್ಟು ತಿಳಿಯುತ್ತದೆ ಎಂಬುದು ಅದರ ವಿಷಯ. ತಿಳಿಯದಿರುವುದಕ್ಕೆ ಪದದ ಒತ್ತು ತಪ್ಪುವುದೂ ಒಂದು ದೊಡ್ಡ ಕಾರಣವೆಂದು ಅವರು ಕಂಡರು. (ನಮ್ಮ ಸೀಮೆಯ ಸವಣೂರಿನಲ್ಲಿ ಹುಟ್ಟಿ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ವಿ.ಕೃ. ಗೋಕಾಕರು ಆ ಸಂಸ್ಥೆಯ ನಿರ್ದೇಶಕರಾಗಿದ್ದವರು ಎಂಬುದನ್ನು ಪ್ರಶಿಕ್ಷಣಾರ್ಥಿಗಳಿಗೆ ನೆನಪಿಸಬೇಕು. ಗೋಕಾಕ್ ಎಂದರೆ ವರದಿ ಮತ್ತು ಚಳವಳಿ ಮಾತ್ರ ಎಂದುಕೊಂಡವರು ಬಹಳ.) ಪದದ ಒತ್ತಿನ ವಿಷಯದಲ್ಲಿ ಬನ್ಸಲ್ ಮತ್ತು ಜೆಂಕಿನ್ಸ್ ಅವರಿಗೆ ಒಮ್ಮತವಿಲ್ಲ, ಜೆಂಕಿನ್ಸ್ ಅದನ್ನು ಅಷ್ಟು ಮುಖ್ಯವೆಂದು ಎಣಿಸುವುದಿಲ್ಲ. ನನ್ನ ತರಗತಿಯ ಅನುಭವದಲ್ಲಿ ಬನ್ಸಲ್ ಅವರ ಮಾತೇ ಹೆಚ್ಚು ಸರಿ. ಆದರೆ ಇಬ್ಬರೂ ನಮ್ಮ ಷರಾಗಳನ್ನು ಓದಿದ್ದರೆ ಒಂದೇ ಮಾತು ಹೇಳುತ್ತಿದ್ದರು ಎನ್ನಿಸುತ್ತದೆ: ಮುಖ್ಯವಾದದ್ದನ್ನು ಬಿಟ್ಟು ಅಮುಖ್ಯವಾದದ್ದನ್ನು ಹಿಡಿದಿದ್ದೀರಿ.

ಒತ್ತಿನ ವಿಷಯಕ್ಕೇ ಬರುತ್ತೇನೆ, ಏಕೆಂದರೆ ನಾವು ಅದನ್ನು ಕಲಿಸುವುದೇ ಇಲ್ಲ. ಕನ್ನಡದಲ್ಲಿ ಪದದ ಯಾವ ಅಕ್ಷರವನ್ನು ಜೋರಾಗಿ ಹೇಳಿದರೂ ಅರ್ಥ ಕೆಡುವುದಿಲ್ಲ, ಆದ್ದರಿಂದ ನಮ್ಮ ಕಿವಿಗೆ ಆ ಅಭ್ಯಾಸವಿಲ್ಲ. ಹೋಟೆಲ್, ಕಮಿಟಿ, ಡೆವಲಪ್ ಎಂದು ಮೊದಲ ಅಕ್ಷರದ ಮೇಲೆ ಭಾರ ಹಾಕುತ್ತೇವೆ. ಇಂಗ್ಲಿಷಿನಲ್ಲಿ ಮೂರಕ್ಕೂ ಭಾರ ಎರಡನೆಯದರ ಮೇಲೆ. ಫೋಟೋಗ್ರಾಫ್ ಎಂಬಲ್ಲಿ ಮೊದಲನೆಯದರ ಮೇಲಿರುವ ಭಾರ ಫೋಟೋಗ್ರಾಫರ್ ಎಂಬಲ್ಲಿ ಎರಡನೆಯದಕ್ಕೆ ಜಿಗಿಯುತ್ತದೆ, ಆಗ 'ಫೋ' ಸಣ್ಣಗಾಗಿ 'ಫ' ಆಗುತ್ತದೆ. ಇದನ್ನು ಕಲಿಸಲು ಧ್ವನಿ ಪ್ರಯೋಗಾಲಯ ಬೇಕಿಲ್ಲ. ಬೆಂಚಿನ ಮೇಲೆ ಬೆರಳಿನಿಂದ ತಟ್ಟಿದರೆ ಸಾಕು, ಒಂದು ತಟ್ಟು ಜೋರು, ಉಳಿದವು ಮೆಲ್ಲಗೆ. ಭಜನೆಯಲ್ಲಿ ತಾಳ ಹಾಕುವ ಊರಿನ ಮಕ್ಕಳಿಗೆ ಇದನ್ನು ಎರಡು ಸಲ ಹೇಳುವ ಅಗತ್ಯ ಬೀಳುವುದಿಲ್ಲ.

ವಾಕ್ಯದ ಒತ್ತಿಗೆ ನಮ್ಮಲ್ಲಿ ಇನ್ನೂ ಒಳ್ಳೆಯ ಸಾಧನವಿದೆ. 'ನಾನು ತಂದೆ' ಎನ್ನುವುದಕ್ಕೂ 'ನಾನೇ ತಂದೆ' ಎನ್ನುವುದಕ್ಕೂ ವ್ಯತ್ಯಾಸ ಯಾವ ಮಗುವಿಗೆ ಗೊತ್ತಿಲ್ಲ? ನಾವು ಏಕಾರ ಸೇರಿಸಿ ಮಾಡುವ ಕೆಲಸವನ್ನು ಇಂಗ್ಲಿಷಿನವರು ದನಿಯಿಂದ ಮಾಡುತ್ತಾರೆ. ಕನ್ನಡದಲ್ಲಿ ಏಕಾರ ಎಲ್ಲಿ ಬೀಳುತ್ತದೋ ಇಂಗ್ಲಿಷ್ ವಾಕ್ಯದಲ್ಲಿ ಭಾರ ಅಲ್ಲಿ ಬೀಳಬೇಕು. 'ನಾನೇ ನಿನ್ನೆ ಪೆನ್ನು ತಂದೆ', 'ನಾನು ನಿನ್ನೆಯೇ ಪೆನ್ನು ತಂದೆ', 'ನಾನು ನಿನ್ನೆ ಪೆನ್ನೇ ತಂದೆ', ಈ ಮೂರಕ್ಕೂ ಇಂಗ್ಲಿಷ್ ವಾಕ್ಯ ಒಂದೇ, ದನಿ ಮೂರು ಬಗೆ. ಈ ಅಭ್ಯಾಸಕ್ಕೆ ಹತ್ತು ನಿಮಿಷ ಸಾಕು. ನಾನು ನೋಡಿದ ನೂರಾರು ಪಾಠಗಳಲ್ಲಿ ಒಂದರಲ್ಲೂ ಇದನ್ನು ಮಾಡಿದ್ದನ್ನು ಕಂಡಿಲ್ಲ. ನಾನೂ ಹೇಳಿಕೊಟ್ಟಿರಲಿಲ್ಲ.

ಇನ್ನು ವರ್ಣಮಾಲೆ. ಕ, ಚ, ಟ, ತ, ಪ ಎಂಬ ಕ್ರಮವೇ ಬಾಯಿಯ ನಕ್ಷೆ. ಗಂಟಲ ಕಡೆಯಿಂದ ಹೊರಟು ತುಟಿಗೆ ಬಂದು ಮುಗಿಯುತ್ತದೆ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಇಂಥ ಯಾವ ಕ್ರಮವೂ ಇಲ್ಲ. ಕನ್ನಡ ಬಲ್ಲ ಮಗುವಿಗೆ ಟಕಾರಕ್ಕೆ ನಾಲಿಗೆ ಮೇಲಕ್ಕೆ ಮಡಚುತ್ತದೆ, ತಕಾರಕ್ಕೆ ಹಲ್ಲಿಗೆ ತಾಗುತ್ತದೆ ಎಂಬುದು ಹೇಳದೆಯೂ ಗೊತ್ತು. ಇಂಗ್ಲಿಷಿನ 'ಟೆನ್' ಎಂಬಲ್ಲಿ ನಾಲಿಗೆ ಈ ಎರಡರ ನಡುವೆ, ಮೇಲಿನ ಹಲ್ಲಿನ ಹಿಂದಿನ ಉಬ್ಬಿಗೆ ತಾಗುತ್ತದೆ ಎಂದರೆ ಮಗು ತಾನೇ ಹುಡುಕಿಕೊಳ್ಳುತ್ತದೆ. ಹಾಗೆ ಹುಡುಕದಿದ್ದರೂ ಚಿಂತೆಯಿಲ್ಲ, ನಮ್ಮ ಟಕಾರವನ್ನು ದೇಶವೆಲ್ಲ ಅರ್ಥ ಮಾಡಿಕೊಳ್ಳುತ್ತದೆ. ಉಸಿರಿನ ವಿಷಯ ಹಾಗಲ್ಲ. ಪದದ ಮೊದಲಿಗೆ ಬರುವ ಪ-ಟ-ಕಗಳನ್ನು ಇಂಗ್ಲಿಷಿನವರು ಸ್ವಲ್ಪ ಮಹಾಪ್ರಾಣದಂತೆ ಉಸಿರು ಬಿಟ್ಟು ಹೇಳುತ್ತಾರೆ. ಅಲ್ಪಪ್ರಾಣವಾಗಿ ಹೇಳಿದರೆ ಅವರ ಕಿವಿಗೆ ಪಕಾರ ಬಕಾರದಂತೆ ಕೇಳುವುದುಂಟು. ಮಹಾಪ್ರಾಣ ಎಂಬ ಪದವೇ ನಮ್ಮ ವ್ಯಾಕರಣದಲ್ಲಿದೆ, ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಉಸಿರು ನೋಡುವ ಆಟ ಒಂದನೆಯ ತರಗತಿಯಲ್ಲೇ ಮಾಡಿಸಬಹುದು.

ಜ ಮತ್ತು ಫಗಳ ವಿಷಯದಲ್ಲಿ ಕಲಘಟಗಿ ತಾಲ್ಲೂಕಿನ ತರಗತಿಗಳಿಗೆ ಇನ್ನೊಂದು ಅನುಕೂಲವಿದೆ. ಅದೇ ತರಗತಿಯಲ್ಲಿ ಮನೆಯಲ್ಲಿ ಉರ್ದು ಆಡುವ ಮಕ್ಕಳಿದ್ದರು. ಜ಼ಮೀನ್, ಫ಼ಕೀರ್ ಎನ್ನುವಾಗ ಆ ಮಕ್ಕಳ ಬಾಯಲ್ಲಿ ಬರುವ ಧ್ವನಿಗಳೇ ಇಂಗ್ಲಿಷಿನ ಜ಼ೂ, ಫ಼ೋನ್ ಪದಗಳಿಗೆ ಬೇಕಾದವು. ಶಿಕ್ಷಕರು ತಮಗೆ ಬಾರದ ಧ್ವನಿಯನ್ನು ಹಲಗೆಯ ಮೇಲೆ ಬಾಯಿಯ ಚಿತ್ರ ಬಿಡಿಸಿ ಕಲಿಸುವ ಬದಲು, ಆ ಹುಡುಗನನ್ನೇ ಮುಂದೆ ಕರೆದು ಹೇಳಿಸಬಹುದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಒಂದು ದಿನಕ್ಕಾದರೂ ತರಗತಿಗೆ ಗುರುವಾಗುತ್ತಿದ್ದ.

ಅಕ್ಷರವೊಂದು, ಮಾತೊಂದು ಎಂಬ ಇಂಗ್ಲಿಷಿನ ಕಾಟದ ಬಗ್ಗೆ ಪ್ರಶಿಕ್ಷಣಾರ್ಥಿಗಳು ಬಹಳ ದೂರುತ್ತಾರೆ. ಬರೆಯುವುದು ಒಂದು, ಓದುವುದು ಇನ್ನೊಂದು, ಹಳ್ಳಿ ಮಕ್ಕಳಿಗೆ ಇದು ಹೇಗೆ ತಿಳಿಯಬೇಕು ಎನ್ನುತ್ತಾರೆ. ನಾನು ಕೇಳುವುದು, 'ಮಾಡುತ್ತೇನೆ' ಎಂದು ಬರೆದು 'ಮಾಡ್ತೇನಿ' ಎಂದು ಹೇಳುವ ಮಗುವಿಗೆ ಇದು ಹೊಸತೇ? ನಡುವಿನ ಉಕಾರವನ್ನು ನುಂಗಿ ಎರಡು ವ್ಯಂಜನಗಳನ್ನು ಒಟ್ಟಿಗೆ ಹೇಳುವುದು ಅದಕ್ಕೆ ದಿನದ ಕೆಲಸ. ವೆಜಿಟೇಬಲ್ ಎಂದು ಕಾಣುವುದನ್ನು ಇಂಗ್ಲಿಷಿನವರು 'ವೆಜ್‌ಟಬಲ್' ಎಂದು ನುಂಗುವುದೂ ಅದೇ ಜಾತಿಯದು. ಹೀಗೆ ಹೇಳಿದರೆ ಮಕ್ಕಳು ನಗುತ್ತಾರೆ, ಹಾಗಾದರೆ ಅವರೂ ನಮ್ಮಂಗ ಮಾತಾಡ್ತಾರ ಎನ್ನುತ್ತಾರೆ.

ಇದರೊಂದಿಗೆ ಸೇರಿದ್ದು ಪೆನ್ಸಿಲ್ ಬರಹದ ಪ್ರಶ್ನೆ. ಸರ್ಕಾರಿ ಶಾಲೆಯ ಯಾವುದೇ ಇಂಗ್ಲಿಷ್ ಪಠ್ಯಪುಸ್ತಕ ತೆರೆಯಿರಿ, ಸಾಲುಗಳ ಮೇಲೆ ಪೆನ್ಸಿಲ್‌ನಲ್ಲಿ ಕನ್ನಡ ಅಕ್ಷರಗಳಿರುತ್ತವೆ. ನಾವು ಅದನ್ನು ಅಳಿಸಿ ಎನ್ನುತ್ತೇವೆ. ನಾನು ಎಷ್ಟೋ ವರ್ಷ ಅಳಿಸಿಸಿದ್ದೇನೆ. ಮಿಶ್ರಿಕೋಟಿಯಿಂದ ಬಂದ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ. ಆ ಪೆನ್ಸಿಲ್ ಬರಹ ಮಗು ಪದವನ್ನು ಹೇಗೆ ಕೇಳಿಸಿಕೊಂಡಿದೆ ಎಂಬುದರ ದಾಖಲೆ, ಅಂಥ ದಾಖಲೆ ಬೇರೆಲ್ಲೂ ಸಿಗುವುದಿಲ್ಲ. 'ನಡೆದ' ಎಂಬ ಅರ್ಥದ ಪದದ ಮೇಲೆ ಮಗು 'ವಾಕೆಡ್' ಎಂದು ಬರೆದುಕೊಂಡಿದ್ದರೆ ಅಲ್ಲಿ ಕಲಿಸುವ ಕೆಲಸವಿದೆ ಎಂದು ಒಂದು ನೋಟಕ್ಕೆ ತಿಳಿಯುತ್ತದೆ. ಅದನ್ನು 'ವಾಕ್ಟ್' ಎಂದು ತಿದ್ದಿಸಬೇಕು, ಅಳಿಸಿಸಬಾರದು. ಭಾರ ಬೀಳುವ ಅಕ್ಷರದ ಕೆಳಗೆ ಒಂದು ಗೆರೆ ಎಳೆಸಬೇಕು. ಅಗತ್ಯ ತೀರಿದಾಗ ಮಗು ತಾನೇ ಬರೆಯುವುದನ್ನು ಬಿಡುತ್ತದೆ. ಈ ಬಗ್ಗೆ ನಮ್ಮ ವಿಭಾಗದಲ್ಲೇ ಭಿನ್ನಾಭಿಪ್ರಾಯವಿದೆ, ಕನ್ನಡ ಅಕ್ಷರ ಒಮ್ಮೆ ಮೇಲೆ ಕುಳಿತರೆ ಕಣ್ಣು ಇಂಗ್ಲಿಷ್ ಅಕ್ಷರದ ಕಡೆ ಇಳಿಯುವುದೇ ಇಲ್ಲ ಎನ್ನುವವರಿದ್ದಾರೆ. ಆ ಅಪಾಯ ಇದೆ, ಒಪ್ಪುತ್ತೇನೆ. ಪದದ ಮೇಲೆ ಬರೆಯುವ ಬದಲು ಪುಟದ ಅಂಚಿನಲ್ಲಿ ಬರೆಸಿದರೆ ಅದು ಕಡಿಮೆಯಾದೀತು.

ಈಗ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಇದನ್ನು ನನಗೆ ಹೇಳಿದವರು ಸಹೋದ್ಯೋಗಿಯಲ್ಲ, ಅದೇ ಊರಿನ ಒಬ್ಬ ಪಾಲಕರು. ಗೋವಿನಜೋಳದ ರಾಶಿ ಬಿಟ್ಟು ಪಾಲಕರ ಸಭೆಗೆ ಬಂದಿದ್ದರು. "ಮೇಡಂ, ನಮ್ಮ ಹಳ್ಳೀ ಮಾತು ನಮಗ ಬರ್ತೈತಿ. ಅದನ್ನ ಕಲಿಲಾಕ ಹುಡುಗೀನ ಸಾಲಿಗೆ ಕಳಸಿಲ್ಲ. ನಾಳೆ ಬೆಂಗಳೂರಾಗ ಇಂಟರ್‌ವ್ಯೂಕ್ಕ ಕುಂತ್ರ ಅವ್ರು ನಗಬಾರದು, ಅಷ್ಟ ಮಾಡ್ರಿ" ಎಂದರು. ಅವರಿಗೆ ಕೊಡಲು ಆ ಕ್ಷಣ ನನ್ನ ಬಳಿ ಉತ್ತರವಿರಲಿಲ್ಲ. ಉಚ್ಚಾರಣೆ ನೋಡಿ ಮನುಷ್ಯರನ್ನು ತೂಗುವ ಜನ ಇದ್ದಾರೆ, ಅವರ ಕೈಯಲ್ಲಿ ಕೆಲಸಗಳೂ ಇವೆ. 2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದಕ್ಕೂ, 2019-20ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದದ್ದಕ್ಕೂ ಹಿಂದೆ ಇರುವುದು ಇಂಥ ಪಾಲಕರ ಒತ್ತಾಸೆಯೇ. ಅವರ ಆಸೆಯನ್ನು ಸಣ್ಣದೆಂದು ನೋಡುವ ಹಕ್ಕು, ಆ ಇಂಗ್ಲಿಷಿನಿಂದಲೇ ಸಂಬಳ ಪಡೆಯುವ ನನಗಿಲ್ಲ.

ಆದರೆ ಆ ಪಾಲಕರ ಮಗಳು ಏಳು ವರ್ಷ ಇಂಗ್ಲಿಷ್ ಓದಿ ಎಂಟಕ್ಕೆ ಬಂದಿದ್ದಾಳೆ, ಮತ್ತು ಎದ್ದು ನಿಲ್ಲಿಸಿದರೆ "ನಾ ಬ್ಯಾಡ್ರಿ" ಎನ್ನುತ್ತಾಳೆ. ಇಂಟರ್‌ವ್ಯೂದಲ್ಲಿ ತಕಾರ ಥಕಾರದ ಮಾತು ಆಮೇಲೆ, ಮೊದಲು ಬಾಯಿ ತೆರೆಯಬೇಕಲ್ಲ? ಬಾಯಿ ತೆರೆದ ಮಗುವಿಗೆ ಶ-ಸ ಕಲಿಸಬಹುದು, ಒತ್ತು ಕಲಿಸಬಹುದು, ಬೇಕಾದರೆ ಕೊನೆಗೆ ಹಲ್ಲುಗಳ ನಡುವೆ ನಾಲಿಗೆ ಇಡುವುದನ್ನೂ ಕಲಿಸಬಹುದು. ಮುಚ್ಚಿದ ಬಾಯಿಗೆ ಏನನ್ನೂ ಕಲಿಸಲಾಗದು. ಜೊತೆಗೆ, ಅವಳು ನಾಳೆ ಇಂಗ್ಲಿಷಿನಲ್ಲಿ ಮಾತಾಡುವುದು ಬಹುಮಟ್ಟಿಗೆ ತಮಿಳರೊಂದಿಗೆ, ಹಿಂದಿಯವರೊಂದಿಗೆ, ಮಲಯಾಳಿಗಳೊಂದಿಗೆ. ಅವರಿಗೆ ತಿಳಿಯುವಂತೆ, ಅಳುಕಿಲ್ಲದೆ ಮಾತಾಡಿದರೆ ಅವಳ ಕೆಲಸ ನಡೆಯುತ್ತದೆ.

ಮುಂದಿನ ವಾರ ಆ ಪ್ರಶಿಕ್ಷಣಾರ್ಥಿಯೊಂದಿಗೆ ಕುಳಿತು ಇದನ್ನೆಲ್ಲ ಮಾತಾಡಿದೆ. ನಾಲ್ಕು ಅಂಕ ಕೊಟ್ಟದ್ದು ನನ್ನ ತಪ್ಪೆಂದು ಹೇಳಿದೆ. ಅವರು ಹಾವೇರಿ ಜಿಲ್ಲೆಯವರು, ಮನೆಯಲ್ಲಿ ತಾವೂ 'ಬ್ಯಾಡ' ಎನ್ನುವವರೇ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಸಾಲ್ಯಾಗ ಹಂಗ ತಿದ್ದಿದ್ರು ಮೇಡಂ" ಎಂದರು. ಮರುಪಾಠದಲ್ಲಿ ಹಲಗೆಯ ಮೇಲೆ ಬೆಕ್ಕು, ಬೇಕು, ಬ್ಯಾಡ ಎಂದು ಮೂರು ಪದ ಬರೆದರು. ಹಲಗೆಯ ಮೇಲೆ 'ಬ್ಯಾಡ' ಕಂಡು ಮಕ್ಕಳು ಗೊಳ್ಳೆಂದು ನಕ್ಕರು. ನಗು ನಿಲ್ಲುವವರೆಗೆ ಅವರು ಕಾದರು. ನಂತರ ಪ್ರತಿ ಪದದ ಎದುರು ಒಂದೊಂದು ಇಂಗ್ಲಿಷ್ ಪದ ಬರೆದು, ಮೊದಲು ಕನ್ನಡದ್ದು, ಆಮೇಲೆ ಇಂಗ್ಲಿಷಿನದು ಎಂದು ಹೇಳಿಸಿದರು. ಬ್ಯಾಡ್, ಬ್ಯಾಗ್, ಮ್ಯಾನ್ ಮೊದಲ ಸುತ್ತಿನಲ್ಲೇ ಬಂದವು. ಮ್ಯಾಪ್ ಹೇಳುವಾಗ ಎಳೆದು 'ಮ್ಯಾಆಪ್' ಎಂದರು, ಅದಕ್ಕೆ ಎರಡು ಸುತ್ತು ಬೇಕಾಯಿತು. ಕಿಟಕಿ ಪಕ್ಕದ ಹುಡುಗಿ ಗುಂಪಿನಲ್ಲಿ ಹೇಳಿದಳು. ಒಬ್ಬಳನ್ನೇ ಎಬ್ಬಿಸಲು ಪ್ರಶಿಕ್ಷಣಾರ್ಥಿ ಹೋಗಲಿಲ್ಲ, ಹೋಗದಿದ್ದದ್ದೇ ಒಳ್ಳೆಯದಾಯಿತು. ನಡುವೆ ಒಬ್ಬ ಹುಡುಗ, "ಸರ್, ಬ್ಯಾಸಗಿ ಬರೀರಿ, ಅದೂ ಹಂಗ ಐತಿ" ಎಂದ. ಪಾಠ ಯೋಜನೆಯಲ್ಲಿ ಇಲ್ಲದ ಆ ಮಾತಿಗೆ ಯಾವ ಕಲಮಿನಲ್ಲಿ ಅಂಕ ಹಾಕಬೇಕೆಂದು ನನಗೆ ತಿಳಿಯಲಿಲ್ಲ.

ಈ ಅನುಭವದಿಂದ ನಮ್ಮ ವಿಭಾಗದ ಸಭೆಯ ಮುಂದೆ ಒಂದು ಬೇಡಿಕೆ ಇಟ್ಟಿದ್ದೇನೆ, ಇಲ್ಲಿಯೂ ಇಡುತ್ತೇನೆ. ವೀಕ್ಷಣಾ ನಮೂನೆಯಿಂದ 'ಉಚ್ಚಾರಣೆ, 5 ಅಂಕ' ಎಂಬ ಸಾಲು ಹೋಗಬೇಕು. ಅದರ ಬದಲು, ಅರ್ಥ ಕೆಡಿಸುವ ಒಂದು ಧ್ವನಿವ್ಯತ್ಯಾಸವನ್ನು ಅಥವಾ ಒತ್ತನ್ನು ಆರಿಸಿ ಕಲಿಸಿದರೇ, ಅದನ್ನು ಮಕ್ಕಳ ಮನೆಮಾತಿನ ಧ್ವನಿಯಿಂದ ಆರಂಭಿಸಿದರೇ, ತಿದ್ದಿದ ಮೇಲೆ ಆ ಮಗು ಅದೇ ತಾಸಿನಲ್ಲಿ ಮತ್ತೆ ಮಾತಾಡಿತೇ ಎಂದು ಕೇಳಬೇಕು. ಕೊನೆಯ ಪ್ರಶ್ನೆಗೆ ಎರಡು ಅಂಕ ಇಟ್ಟರೂ ಸಾಕು, ವೀಕ್ಷಕರು ಮಗುವಿನ ಕಡೆ ನೋಡಲು ಶುರುಮಾಡುತ್ತಾರೆ. ಪ್ರಶಿಕ್ಷಣಾರ್ಥಿಗಳ ಮಾತಿನ ಉಚ್ಚಾರಣೆಗೆ ಅಂಕ ಹಾಕುವುದಾದರೆ ಅದು ಕಾಲೇಜಿನಲ್ಲೇ ಸೂಕ್ಷ್ಮ ಬೋಧನೆಯ ದಿನಗಳಲ್ಲಿ ಆಗಲಿ, ಮಕ್ಕಳ ಮುಂದೆ ಬೇಡ. ಇನ್ನೊಂದು ಕೆಲಸ ಪ್ರಶಿಕ್ಷಣಾರ್ಥಿಗಳೇ ಮಾಡಬೇಕಾದದ್ದು. ಬೋಧನಾಭ್ಯಾಸದ ಮೊದಲ ಎರಡು ದಿನ ಪಾಠ ಮಾಡದೆ, ಮಕ್ಕಳು ಬಯಲಿನಲ್ಲಿ, ಬಿಸಿಯೂಟದ ಸಾಲಿನಲ್ಲಿ ಆಡುವ ಮಾತನ್ನು ಕೇಳಿ ಬರೆದುಕೊಳ್ಳಬೇಕು. ನವಲಗುಂದದ ಮಗು ಹೇಗೆ ಹೇಳುತ್ತದೆ, ಕಲಘಟಗಿಯ ತಾಂಡಾದಿಂದ ಬರುವ ಲಂಬಾಣಿ ಮಗು ಹೇಗೆ ಹೇಳುತ್ತದೆ ಎಂಬುದು ಯಾವ ಕೈಪಿಡಿಯಲ್ಲೂ ಬರೆದಿಲ್ಲ.

ಸಭೆಯಲ್ಲಿ ಚರ್ಚೆ ಮುಗಿದಿಲ್ಲ. ಹೊಸ ನಮೂನೆ ಅಚ್ಚಾಗಲು ಇನ್ನೂ ಎರಡು ತಿಂಗಳಿದೆ.

ಅಷ್ಟರಲ್ಲಿ ಆ ಪ್ರಶಿಕ್ಷಣಾರ್ಥಿಯ ಪರೀಕ್ಷಾ ಪಾಠ ಬಂದಿದೆ. ಮೊನ್ನೆ ಪಾಠ ಯೋಜನೆ ತೋರಿಸಲು ಬಂದವರು ಬಾಗಿಲಲ್ಲೇ ನಿಂತು ಕೇಳಿದರು: "ಮೇಡಂ, ಹೊರಗಿನ ಪರೀಕ್ಷಕರು ಬಂದಾಗ ಹಲಗಿ ಮ್ಯಾಲ ಬ್ಯಾಡ ಅಂತ ಬರೀಲೇನ್ರಿ? ಅವ್ರು ಅಂಕ ಕಡಿಮಿ ಮಾಡಿದ್ರ?"

ಬರೀರಿ ಎಂದೆ. ಪಾಠಕ್ಕೆ ಮೊದಲೇ ಪರೀಕ್ಷಕರೊಂದಿಗೆ ನಾನು ಮಾತಾಡುತ್ತೇನೆ ಎಂದೂ ಹೇಳಿದೆ. ಅವರು ಯೋಜನೆಯ ಪುಟವನ್ನು ಮೇಜಿನ ಮೇಲಿಟ್ಟು ಹೋದರು. 'ಬ್ಯಾಡ' ಎಂಬ ಪದವನ್ನು ಅದರಲ್ಲಿ ಇನ್ನೂ ಪೆನ್ಸಿಲ್‌ನಲ್ಲೇ ಬರೆದಿದ್ದಾರೆ.